ಅತ್ತಿಗೆ ಕತ್ತರಿಸಿದ ಮೊನೆ

ನನ್ನ ಅತ್ತಿಗೆಯನ್ನು ವಿಶ್ವವಿದ್ಯಾಲಯದಲ್ಲಿ ಎಲ್ಲರೂ ಕರೆಯುವುದು ಸೂಜಿಯಕ್ಕ ಎಂದು. ಹೊಲಿಗೆ ಮಾತ್ರ ಅವರಿಗೆ ಬರುವುದಿಲ್ಲ. ಅವರು ಹಾಕಿಕೊಟ್ಟ ಗುಂಡಿ ಬಸ್ ನಿಲ್ದಾಣದವರೆಗೂ ಬಾಳಿದ್ದಿಲ್ಲ. ಅವರ ಸೂಜಿಯೇ ಬೇರೆ. ದಾರದಷ್ಟು ತೆಳು ತಂತಿಗೆ ಕಟಿಂಗ್ ಪ್ಲೇಯರನ್ನು ಓರೆಯಾಗಿ ಹಿಡಿದು, ಕತ್ತರಿಸುತ್ತಲೇ ಎಳೆಯುತ್ತಾರೆ. ಹಾಗೆ ಹುಟ್ಟಿದ ಮೊನೆಯೇ ಅವರ ಪ್ರಯೋಗಾಲಯದ ದೊಡ್ಡ ಸೂಕ್ಷ್ಮದರ್ಶಕದ ಕಣ್ಣು. ಅದು ವಸ್ತುವನ್ನು ಮುಟ್ಟಿಯೂ ಮುಟ್ಟದಷ್ಟು ಹತ್ತಿರ ಓಡಾಡಿ, ಅಣುಗಳ ಚಿತ್ರವನ್ನು ಪರದೆಗೆ ತರುತ್ತದೆ.

ಇಪ್ಪತ್ತೆರಡು ವರ್ಷದಿಂದ ಅವರದು ಇದೇ ಕೆಲಸ. ಅದೇ ಕಟ್ಟಡದಲ್ಲಿ ಉಗ್ರಾಣ ನೋಡಿಕೊಳ್ಳುವ ನನಗೆ ಅದು ತಮಾಷೆಯಾಗಿತ್ತು. "ಅಷ್ಟು ದೊಡ್ಡ ಯಂತ್ರಕ್ಕೆ ಈ ಹಳೇ ಪ್ಲೇಯರ್ರಾ ಗತಿ, ಅತ್ತಿಗೆ?" ಎಂದು ರೇಗಿಸುತ್ತಿದ್ದೆ.

ಹೋದ ವರ್ಷ ಮೆಟ್ಟಿಲಲ್ಲಿ ಜಾರಿ ಅವರ ಬಲ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ನಡುಕ ಉಳಿಯಿತು. ಲೋಟ ಹಿಡಿದರೆ ನೀರು ತುಳುಕುತ್ತಿತ್ತು. "ಈ ಕೈ ಹೋದ್ರೆ ನಾನ್ಯಾರು ಹೇಳು?" ಎಂದು ಒಂದು ದಿನ ಕೇಳಿದರು.

ಜಂಟಿ ಸಂಶೋಧನೆಗೆಂದು ಬೇರೆ ವಿಶ್ವವಿದ್ಯಾಲಯದ ತಂಡ ಬಂದದ್ದು ಇಂಥ ಹೊತ್ತಿನಲ್ಲೇ. ಚಿನ್ನದ ಪದರದ ಮೇಲೆ ತಾವು ಹಾಸಿದ ಅಣುಗಳು ಸಾಲಾಗಿ ಕೂತಿವೆಯೇ ಎಂದು ಅವರು ನಮ್ಮ ಯಂತ್ರದಲ್ಲಿ ನೋಡಬೇಕಿತ್ತು. ಸಂಜೆಯೊಳಗೆ ನೋಡದಿದ್ದರೆ ಆ ಅಣುಗಳ ಹಾಸು ಗಾಳಿಗೆ ಕೆಡುತ್ತದೆ, ಆರು ತಿಂಗಳ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತೆ. ಅವರು ತಂದಿದ್ದ ಸಿದ್ಧ ಮೊನೆಗಳು ಒಂದೊಂದಾಗಿ ಮೊಂಡಾದವು. ಮಧ್ಯಾಹ್ನ ಮೂರಾಯಿತು.

"ನೀವೊಂದು ಕತ್ತರಿಸಿ ಕೊಡ್ತೀರಾ ಅಮ್ಮಾ?" ಎಂದರು ಆ ತಂಡದ ಮೇಡಂ.

ಕೈಗವಸಿನ ಡಬ್ಬಿ ಕೊಡಲು ಹೋಗಿದ್ದ ನಾನು ಬಾಗಿಲಲ್ಲೇ ನಿಂತೆ. ಅತ್ತಿಗೆ ಕತ್ತರಿಸಿದ ಮೊದಲ ಮೊನೆ ಮೊಂಡು. ಎರಡನೆಯ ತಂತಿ ಕೈಜಾರಿ ಬಿತ್ತು.

"ಆಗಲ್ಲ ಮೇಡಂ," ಎಂದರು ಅತ್ತಿಗೆ.

ರೇಗಿಸುವುದು ಬಿಟ್ಟು ಕುರ್ಚಿ ಎಳೆದುಕೊಟ್ಟೆ. "ಕೂತ್ಕೊಂಡು ಮಾಡಿ ಅತ್ತಿಗೆ. ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ."

ಅವರು ಕೂತರು. ಮೊಣಕೈಯನ್ನು ಪಕ್ಕೆಗೆ ಒತ್ತಿ, ಉಸಿರು ಬಿಗಿಹಿಡಿದು ಮೂರನೆಯ ತಂತಿಯನ್ನು ಕತ್ತರಿಸುತ್ತಲೇ ಎಳೆದರು.

ತಂಡದವರು ಮೊನೆಯನ್ನು ಯಂತ್ರಕ್ಕೆ ಹಾಕಿ, ಅದು ಅದುರಬಾರದೆಂದು ಫ್ಯಾನ್ ಆರಿಸಿದರು. ಯಾರೂ ಹೆಜ್ಜೆ ಎತ್ತಲಿಲ್ಲ. ಪರದೆಯ ಮೇಲಿನಿಂದ ಗೆರೆ ಗೆರೆಯಾಗಿ ಚಿತ್ರ ಇಳಿಯತೊಡಗಿತು. ಮೊದಲು ಬರೀ ಮಸುಕು. ಆಮೇಲೆ ಒಂದು ಚುಕ್ಕೆ, ಪಕ್ಕದಲ್ಲಿ ಇನ್ನೊಂದು, ನೋಡನೋಡುತ್ತ ಸಾಲಿಗೆ ಸಾಲು, ತಟ್ಟೆಯಲ್ಲಿ ಒತ್ತಾಗಿ ಹರಡಿದ ಕಾಳಿನಂತೆ. ನನ್ನ ಮೈ ಜುಮ್ಮೆಂದಿತು. ಎಲ್ಲವೂ ಅಣುಗಳಿಂದಾಗಿದೆ ಎಂದು ಶಾಲೆಯಲ್ಲಿ ಓದಿ, ಕಬ್ಬಿಣದ ಕಡಲೆಯೆಂದು ಪರೀಕ್ಷೆಯ ಮರುದಿನವೇ ಮರೆತಿದ್ದೆ. ಅವು ಈಗ ಕಣ್ಣೆದುರಿಗೇ ಕೂತಿದ್ದವು. ನಾವು ಹುಟ್ಟುವ ಮೊದಲಿಂದಲೂ ಲೋಕದ ಒಳಗು ಹೀಗೇ ಇತ್ತಲ್ಲ ಎನ್ನಿಸಿತು.

"ನಿಮ್ಮ ಮೊನೆ ತುದೀಲಿ ಒಂದೇ ಒಂದು ಪರಮಾಣು ಮುಂದಕ್ಕೆ ಚಾಚಿದೆ ಅಮ್ಮಾ," ಎಂದರು ಮೇಡಂ ಪಿಸುದನಿಯಲ್ಲಿ. "ಇಷ್ಟೂ ಕಾಣ್ತಿರೋದು ಅದರಿಂದಾನೇ."

"ಒಂದೇನಾ? ಅದನ್ನ ಈ ಕೈ ಮಾಡ್ತಾ?"

"ಹೂಂ."

ಅತ್ತಿಗೆಯ ಕೈ ಆಗ ಮೊಣಕೈವರೆಗೂ ನಡುಗತೊಡಗಿತು. ಹಿಡಿದುಕೊಳ್ಳಲು ಹೋದೆ.

"ಬಿಡಪ್ಪಾ, ಈಗ ನಡುಗ್ಲಿ," ಎಂದರು ಅವರು, ಪರದೆಯಿಂದ ಕಣ್ಣು ತೆಗೆಯದೆ.