ಉಪ್ಪಿನ ಯಂತ್ರಕ್ಕೆ ಖಂಡೇಪೂಜೆ

ಸಾಲಿ ಬಿಟ್ಟು ನಾನು ಮೊದಲ ಸಲ ಮನೆಯಿಂದ ಹೊರಬಿದ್ದದ್ದು ಒಂದು ಸೋಮವಾರ. ಹಾಗೇ ಅಲೆಯುತ್ತ ಗಾರೆ ಕೆಲಸ ಕಲಿತು ಹುಬ್ಬಳ್ಳಿಗೆ ಬಂದು, ಗೋಕುಲ ರಸ್ತೆಯ ಹೋಟೆಲೊಂದರ ಈಜುಕೊಳದ ಗೋಡೆಗಳಿಗೆ ಸಿಮೆಂಟಿನ ಹೊಸ ಗಿಲಾವ್ ಮಾಡಿದೆ. ಅಲ್ಲಿ ಉಪ್ಪುನೀರಿನಿಂದ ಕ್ಲೋರಿನ್ ತಯಾರಿಸಿ ಕೊಳವನ್ನು ಶುದ್ಧವಾಗಿಡುವ ಯಂತ್ರವಿತ್ತು. ಹಸಿ ಗಿಲಾವ್ ನೀರಿಗೆ ಸುಣ್ಣ ಬಿಡುತ್ತದೆ. ಆ ಸುಣ್ಣ ಯಂತ್ರದ ತಗಡುಗಳಿಗೆ ಮೆತ್ತಿಕೊಂಡರೆ ಅದರ ಕಥೆ ಮುಗಿದಂತೆ.

"ಸಾಹುಕಾರ್ರ, ಒಂದು ತಿಂಗಳು ಉಪ್ಪು ಹಾಕಬ್ಯಾಡ್ರಿ, ಯಂತ್ರ ಹಚ್ಚಬ್ಯಾಡ್ರಿ," ಅಂತ ಹೋಟೆಲಿನ ಮಾಲೀಕರಿಗೆ ಹೇಳಿದೆ.

"ನಾಳೆ ಖಂಡೇಪೂಜಿ, ಆಯುಧ ಯಂತ್ರ ಎಲ್ಲಾ ಪೂಜಿ ಮಾಡೂ ದಿನ. ಪೂಜಿ ಮಾಡಿ ಸುಮ್ಮನ ಇಡಾಕ ಅದೇನು ಗೊಂಬಿ ಏನಲೇ?"

ಆಗಲೇ ಕೊಳಕ್ಕೆ ಉಪ್ಪಿನ ಚೀಲಗಳನ್ನು ಸುರಿಸಿದರು. ಮರುದಿನ ಹಾರ ಹಾಕಿ, ಕಾಯಿ ಒಡೆದು, ಗುಂಡಿ ಒತ್ತಿದರು. ಯಂತ್ರ ಉಸಿರೆತ್ತಲಿಲ್ಲ. ತಗಡುಗಳಿರುವ ಕೊಳವೆಯನ್ನು ನಾನು ಬೆಳಿಗ್ಗೆಯೇ ಬಿಚ್ಚಿ ನನ್ನ ಹಾಸಿಗೆಯಲ್ಲಿ ಸುತ್ತಿಟ್ಟಿದ್ದೆ. ಹುಡುಕಾಟ ಶುರುವಾದಾಗ ನಾನೇ ತಂದು ತೋರಿಸಿದೆ.

"ಕಳವು ಮಾಡೀಯೇನಲೇ?"

"ಇಲ್ರಿ, ಕಾಪಾಡೇನಿ."

ಕಸಿದುಕೊಂಡು ತಾವೇ ಜೋಡಿಸಿದರು. ಯಂತ್ರ ಗುಂಯ್ ಎಂದಿತು, ನೆಂಟರೆಲ್ಲ ಚಪ್ಪಾಳೆ ತಟ್ಟಿದರು. ದೀಪಾವಳಿಯ ಹೊತ್ತಿಗೆ ತಗಡುಗಳ ಮೇಲೆ ಸುಣ್ಣ ಬೆಳ್ಳಗೆ ಹೆಪ್ಪುಗಟ್ಟಿ ಯಂತ್ರ ನಿಂತೇಹೋಯಿತು.

ಸಾಹುಕಾರರು ಕಾರಣವನ್ನೂ ಕಂಡುಹಿಡಿದರು: "ಅವತ್ತು ನೀ ಮುಹೂರ್ತ ತಪ್ಪಿಸಿದೆಲ್ಲ, ಅದಕ್ಕ ಕೆಟ್ಟೈತಿ!"

ಇಂಥ ಪಂಡಿತರ ಎದುರು ಸುಣ್ಣದ ಮಾತು ಯಾತಕ್ಕೆ? ಅಲ್ಲಿಂದ ಹೊರಡಲು ಹಾಸಿಗೆ ಸುತ್ತತೊಡಗಿದೆ. ಈ ಸಲ ಅದರೊಳಗೆ ಕಾಪಾಡುವಂಥದ್ದು ಏನೂ ಇರಲಿಲ್ಲ.