ಐವಿ ಗಾರ್ಬಟ್ ತಮ್ಮನನ್ನು ನೋಡಲು ಹೊರಟದ್ದು

ಇಂಗ್ಲಿಷ್ ಬಂದರು ಊರು ಗ್ರಿಮ್ಸ್‌ಬಿಯಲ್ಲಿ ನಮ್ಮ ಪಕ್ಕದ ಮನೆಯ ಐವಿ ಗಾರ್ಬಟ್ ಮೀನು ಸೀಳುವ ಕೆಲಸದಲ್ಲೇ ಆಯಸ್ಸು ಕಳೆದವರು. ಕೆಲಸ ಬಿಟ್ಟ ಮೇಲೂ ಚಳಿ ಬಂತೆಂದರೆ ಬೆರಳು ಮಡಚಲು ಆಗುತ್ತಿರಲಿಲ್ಲ. ಟೀ ಲೋಟವನ್ನು ಎರಡೂ ಅಂಗೈಯಲ್ಲಿ ಅವುಚಿ ಹಿಡಿದು ಕುಡಿಯುತ್ತಿದ್ದರು. ಮದುವೆಯಾಗಲಿಲ್ಲ. ತಾಯಿ ಬೇಗ ತೀರಿಕೊಂಡಿದ್ದರಿಂದ ತಮ್ಮ ಡೆಸ್ಮಂಡ್‌ನನ್ನು ಸಾಕಿದ್ದು ಅವರೇ. ಅವನು ಮೀನಿನ ಹಡಗುಗಳಲ್ಲಿ ದುಡಿದು ಎದೆ ಕೆಡಿಸಿಕೊಂಡು, ಬಿಸಿಲಿರುವ ಕಡೆ ಉಸಿರಾಡಿಕೊಂಡಿರುತ್ತೇನೆ ಎಂದು ಸ್ಪೇನಿನ ಕಡಲತೀರದ ಊರೊಂದರಲ್ಲಿ ನೆಲೆಸಿದ್ದ. ಅಕ್ಕತಮ್ಮಂದಿರು ಫೋನಿನಲ್ಲಿ ಮಾತಾಡಿದ್ದಕ್ಕಿಂತ ಜಗಳ ಆಡಿದ್ದೇ ಹೆಚ್ಚು. ನಮ್ಮ ಮೀನುಗಾರಿಕೆ ಉಳಿಯಲಿ ಅಂತ ಐವಿ ದೇಶ ಯುರೋಪಿನ ಒಕ್ಕೂಟ ಬಿಡಲಿ ಎಂದು ಓಟು ಹಾಕಿದ್ದರು. ಡೆಸ್ ಅದನ್ನು ಮರೆಯಲು ಬಿಡುತ್ತಿರಲಿಲ್ಲ.

ಒಂದು ಅಕ್ಟೋಬರಿನಲ್ಲಿ, ಅವನ ಜೊತೆ ಬಾಳುತ್ತಿದ್ದ ಪಿಲಾರ್ ಆಸ್ಪತ್ರೆಯಿಂದ ಫೋನು ಮಾಡಿದಳು. "ಬೇಗ ಬನ್ನಿ" ಅಂದಳು, ಅಷ್ಟೇ. ಮರುದಿನ ನಾನೇ ಐವಿಯನ್ನು ಕಾರಿನಲ್ಲಿ ವಿಮಾನ ನಿಲ್ದಾಣಕ್ಕೆ ಕರೆದೊಯ್ದೆ.

ಕೌಂಟರಿನ ಹುಡುಗಿ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ನೋಡಿದಳು. "ಇದರಲ್ಲಿ ನಿಮ್ಮನ್ನ ಕಳಿಸೋಕಾಗಲ್ಲಮ್ಮ."

"ಯಾಕೆ? ಮುಂದಿನ ವರ್ಷದವರೆಗೂ ನಡೆಯತ್ತೆ ಅಂತ ಅದರಲ್ಲೇ ಇದೆಯಲ್ಲ."

"ಇದೆ. ಆದ್ರೆ ಇದನ್ನ ಕೊಟ್ಟು ಹತ್ತು ವರ್ಷ ದಾಟಿದೆ. ಅವಧಿ ಮುಗಿಯೋ ಮುಂಚೆ ಹೊಸದು ಮಾಡಿಸಿದವರಿಗೆ ಆಗ ಉಳಿದ ತಿಂಗಳನ್ನೂ ಸೇರಿಸಿ ಕೊಡ್ತಿದ್ರು. ಅದನ್ನ ಈಗ ಅಲ್ಲಿ ಲೆಕ್ಕಕ್ಕೆ ತಗೊಳಲ್ಲ."

"ಮೊದಲು ಹೀಗಿರಲಿಲ್ಲ."

"ಮೊದಲು ನಾವೂ ಅವರ ಜೊತೆ ಇದ್ವಲ್ಲಮ್ಮ."

"ನನ್ನ ತಮ್ಮ ಸಾಯ್ತಿದಾನೆ ಕಣೇ."

ಹುಡುಗಿಯ ಮುಖ ಸಣ್ಣದಾಯಿತು. ಮೇಲಿನವರನ್ನು ಕರೆದಳು. ಅವರೂ ಮೆತ್ತಗೆ ಅದನ್ನೇ ಹೇಳಿದರು.

ಐವಿ ಬೆಂಚಿನ ಮೇಲೆ ಕೂತು ಡೆಸ್‌ಗೆ ಫೋನು ಹಚ್ಚಿದರು. "ಬರೋಕೆ ಬಿಡಲ್ಲ ಅಂತಾರೆ ಕಣೋ."

ಡೆಸ್ ಏದುಸಿರಿನಲ್ಲೇ ಅಂದದ್ದು ಪಕ್ಕದಲ್ಲಿದ್ದ ನನಗೂ ಕೇಳಿಸಿತು. "ಓಟು ಹಾಕ್ದೆಯಲ್ಲ, ಅನುಭವಿಸು."

"ಸುಮ್ನಿರೋ. ಮೀನು ಉಳೀಲಿ ಅಂತ ಹಾಕ್ದೆ."

"ಉಳೀತಾ?"

"ಇಲ್ಲ."

ಡೆಸ್ ನಕ್ಕ. ನಗು ಕೆಮ್ಮಾಯಿತು. ಪಿಲಾರ್ ಫೋನು ಕಿತ್ತುಕೊಂಡಳು. ಅಕ್ಕತಮ್ಮ ಆಡಿದ ಕೊನೆಯ ಮಾತು ಅದು.

ತುರ್ತಾಗಿ ಪಾಸ್‌ಪೋರ್ಟು ಮಾಡಿಸಲು ಬೇರೆ ಊರಿನ ಕಚೇರಿಗೆ ಹೋಗಬೇಕಿತ್ತು, ಅಲ್ಲಿ ದಿನ ಗೊತ್ತು ಮಾಡಿಕೊಂಡು ಕಾಯಬೇಕಿತ್ತು. ಕೊನೆಗೂ ಹೊಸದನ್ನು ಕೈಯಲ್ಲಿ ಹಿಡಿದು ವಾಪಸು ಬರುತ್ತಿದ್ದಾಗ ಪಿಲಾರಳ ಫೋನು ಬಂತು. ಆ ದೇಶದಲ್ಲಿ ಹೆಣವನ್ನು ಬಹಳ ದಿನ ಇಡುವುದಿಲ್ಲ. ನಮಗೆ ವಿಮಾನದಲ್ಲಿ ಸೀಟು ಸಿಗುವುದರೊಳಗೆ ದಹನವೂ ಮುಗಿದಿತ್ತು.

"ಇನ್ನು ಹೋಗಿ ಏನ್ಮಾಡ್ತೀರಿ?" ಅಂದೆ.

"ಬರ್ತೀನಿ ಅಂದಿದ್ದೆ ಅವನಿಗೆ."

ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಅಲ್ಲಿ ಇಳಿದಾಗ ಗಾಜಿನ ಹಿಂದಿದ್ದ ಅಧಿಕಾರಿ ಎಷ್ಟು ದಿನ ಇರುತ್ತೀರಿ, ಎಲ್ಲಿ ಇಳಿದುಕೊಳ್ಳುತ್ತೀರಿ, ವಾಪಸು ಟಿಕೆಟ್ ಇದೆಯೇ ಎಂದೆಲ್ಲ ಕೇಳಿದ. ಬಂದ ಕಾರಣವನ್ನೂ ಕೇಳಿದ.

"ತಮ್ಮನ್ನ ನೋಡೋಕೆ" ಅಂದರು ಐವಿ.

ಅವನು ಮುದ್ರೆ ಒತ್ತಿದ. ಹಿಂದೆ ನಿಂತಿದ್ದ ನಾನು ನೆಲ ನೋಡಿದೆ.

ಪಿಲಾರ್ ದಪ್ಪ ಹೆಂಗಸು, ಅತ್ತು ಅತ್ತು ಕಣ್ಣು ಊದಿದ್ದವು. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಾಗಿ ಬಾರದು. ಅಡುಗೆಮನೆಯಲ್ಲಿ ಇಬ್ಬರೂ ಎದುರುಬದುರು ಕೂತು ಆಲೂಗಡ್ಡೆ ಸಿಪ್ಪೆ ತೆಗೆದರು. ಡೆಸ್‌ನ ಬೂದಿ ಕಿಟಕಿಯ ಪಕ್ಕದ ಕಪಾಟಿನಲ್ಲಿತ್ತು. ತೆಗೆದುಕೊಂಡು ಹೋಗಿ ಎಂದು ಪಿಲಾರ್ ಸನ್ನೆ ಮಾಡಿದಳು.

ಐವಿ ತಲೆಯಾಡಿಸಿ ಬೇಡವೆಂದರು. "ಅದಕ್ಕೂ ಕಾಗದ ಕೇಳ್ತಾರೆ. ಇಲ್ಲೇ ಇರ್ಲಿ ಬಿಡು, ಬೆಚ್ಚಗಿದ್ದಾನೆ."

ಎರಡು ಚಳಿಗಾಲ ಕಳೆದು ಐವಿಯೂ ಹೋದರು. ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದಾಗ ನಾವು ನಾಲ್ಕೈದು ಜನ ಇದ್ದೆವು. ಪಿಲಾರ್ ಬರುತ್ತೇನೆಂದು ಹೊರಟಿದ್ದಳು, ಅಲ್ಲಿಯ ವಿಮಾನ ನಿಲ್ದಾಣದಲ್ಲೇ ತಡೆದರು. ಅವಳ ಬಳಿ ಪಾಸ್‌ಪೋರ್ಟ್ ಇರಲಿಲ್ಲ, ಬರೀ ಗುರುತಿನ ಚೀಟಿ ಇಟ್ಟುಕೊಂಡು ಬಂದವರನ್ನು ಈಗ ನಮ್ಮ ದೇಶದವರೂ ಬಿಡುವುದಿಲ್ಲ.