ಏಪ್ರಿಲ್ ಮೋಡ ಮತ್ತು ಮಲ್ಲಮ್ಮನ ಭತ್ತ

ನನಗೊಂದು ಕೆಟ್ಟ ಚಟವಿದೆ: ಯಾರು ಕೇಳಲಿ ಬಿಡಲಿ, ಹವಾಮಾನ ಹೇಳುವುದು. ಗೋಗಿಯಲ್ಲಿ ಮಾಸ್ತರನಾಗಿದ್ದಾಗ ಶಾಲೆಯ ಗೋಡೆಯಲ್ಲಿದ್ದ ಉಷ್ಣಮಾಪಕ ಇದಕ್ಕೆ ಕುಮ್ಮಕ್ಕು ಕೊಟ್ಟಿತು. ಏಪ್ರಿಲ್ ಪೂರ್ತಿ ದಿನಾ ಅದನ್ನು ನೋಡಿ, ಬಿಸಿಲನ್ನು ನಾನೇ ತಯಾರಿಸಿದವನಂತೆ ಗತ್ತಿನಿಂದ ಹಲಗೆಯ ಮೇಲೆ ಬರೆಯುತ್ತಿದ್ದೆ.

ನೀರಾವರಿ ಕಾಲುವೆ ಬರುವ ಮೊದಲು ಏಪ್ರಿಲ್ ಮಳೆಯೆಂದರೆ ಊರಿಗೆಲ್ಲ ಖುಷಿ. ಧೂಳು ಅಡಗುತ್ತಿತ್ತು, ಮಾಳಿಗೆ ತಣ್ಣಗಾಗುತ್ತಿತ್ತು. ಬೇಸಿಗೆಯಲ್ಲೂ ಭತ್ತ ಬೆಳೆಯತೊಡಗಿದ ಮೇಲೆ ಅದೇ ಮಳೆಗೆ ಜನ ಹೆದರತೊಡಗಿದರು. ಕೊಯ್ದ ಭತ್ತ ಆಗ ಬಯಲಲ್ಲಿ ಒಣಗುತ್ತಿರುತ್ತದೆ. ಪಾಪ, ಮಳೆಗೆ ಇದನ್ನು ಯಾರೂ ತಿಳಿಸಿರಲಿಲ್ಲ.

ಪಕ್ಕದ ಮನೆಯ ಮಲ್ಲಮ್ಮ ಅಲ್ಲಿಯವರೆಗೆ ಪರರ ಹೊಲದಲ್ಲೇ ದುಡಿದವಳು. ಆ ವರ್ಷ ಮೊದಲ ಸಲ ತನ್ನದೇ ತುಂಡುಹೊಲದ ಭತ್ತವನ್ನು ನಮ್ಮ ಮನೆ ಮುಂದಿನ ಬಂಡೆಯ ಮೇಲೆ ಹರವಿದ್ದಳು.

“ಸರ್, ಇವತ್ತು ಮಳಿ ಬರ್ತದೇನ್ರಿ?” ಎಂದಳು ಒಂದು ಬೆಳಿಗ್ಗೆ. “ಮಗಳು ಹಡದಾಳ್ರಿ. ಸುರಪುರಕ್ಕ ಹೋಗಿ ಕೂಸಿನ ಮಾರಿ ನೋಡಿ ಬರ್ತೀನಿ.”

ನಾನು ಆಕಾಶವನ್ನೊಮ್ಮೆ ತಪಾಸಣೆ ಮಾಡಿ, “ಬರಲ್ಲ, ಹೋಗಿ ಬಾ” ಎಂದು ಅಪ್ಪಣೆ ಕೊಟ್ಟೆ.

ನಾಲ್ಕು ಗಂಟೆಗೆ ಸುರಪುರದ ದಿಕ್ಕಿನಿಂದ ಎಮ್ಮೆಗಳ ಹಿಂಡಿನಂತೆ ಮೋಡ ಬಂತು. ನಾನೂ ನನ್ನ ಹೆಂಡತಿಯೂ ಕೊಡ, ಬುಟ್ಟಿ, ಮೊರ ಹಿಡಿದು ಓಡಿದೆವು. ತುಂಬಿದಷ್ಟನ್ನು ಪಡಸಾಲೆಗೆ ಸುರಿದೆವು, ಉಳಿದದ್ದಕ್ಕೆ ಹಾಸಿಗೆ ಚಾದರ ಹೊದಿಸಿದೆವು. ತಲೆಯ ಮೇಲೆ ಆಲಿಕಲ್ಲು ಬೀಳುತ್ತಿದ್ದರೆ ಹೆಂಡತಿ, “ಆಕಾಶ ಓದಾವ್ರು ನೀವು! ಲಗೂ ಬಳೀರಿ!” ಎಂದು ಕೂಗುತ್ತಿದ್ದಳು. ಆದರೂ ಒಂದು ಮೂಲೆಯ ಭತ್ತ ನಮ್ಮ ಕಣ್ಣೆದುರೇ ಚರಂಡಿಗೆ ಹರಿದುಹೋಯಿತು.

ಸಂಜೆ ಬಸ್ಸಿನಿಂದ ಮಲ್ಲಮ್ಮ ಇಳಿದಾಗ ನನಗೆ ಮನೆಯೊಳಗೆ ಅಡಗಿ ಕೂರುವ ಮನಸ್ಸಾಯಿತು. ಆದರೂ ಎದುರು ನಿಂತು, “ನಂದೇ ತಪ್ಪವ್ವ. ನನ್ನ ಮಾತು ನಂಬಿ ನೀ ಕೆಟ್ಟೆ” ಎಂದೆ.

ಆಕೆ ಚರಂಡಿಯ ಅಂಚಿನಿಂದ ಒಂದು ಹಿಡಿ ಭತ್ತ ಎತ್ತಿ, ಕೆಸರು ಒರೆಸಿ ನೋಡಿದಳು.

“ನಿಮ್ದೇನ್ ತಪ್ಪಿಲ್ರಿ. ಮಧ್ಯಾಹ್ನನೇ ಅಲ್ಲಿ ಮೋಡ ಕಟ್ಟಿತ್ತು. ಎರಡರ ಬಸ್ಸು ಹಿಡದಿದ್ರ ಮಳಿಗಿಂತ ಮೊದಲ ಬರ್ತಿದ್ದೆ.” ಸ್ವಲ್ಪ ನಾಚಿದಳು. “ಕೂಸು ತೊಡಿ ಮ್ಯಾಲ ಮಲಗಿತ್ರಿ. ಎಬ್ಬಸಾಕ ಮನಸಾಗ್ಲಿಲ್ಲ.”

ಅಷ್ಟು ಹೊತ್ತೂ ನನ್ನನ್ನು ಬೈಯುತ್ತಿದ್ದ ಹೆಂಡತಿ ತಟ್ಟನೆ, “ಯಾರ್ ಹಂಗ ಐತಿ?” ಎಂದು ಕೇಳಿದಳು. ಇಬ್ಬರೂ ಒದ್ದೆ ಕಟ್ಟೆಯ ಮೇಲೆ ಕೂತುಬಿಟ್ಟರು. ಮೂಗು, ಹುಬ್ಬು, ತಲೆಗೂದಲು ಒಂದೊಂದರದ್ದೂ ವಿಚಾರಣೆ ನಡೆಯಿತು. ನಾನು ಚಾದರ ಹಿಂಡುತ್ತ ನಿಂತೆ. ಮಳೆಯ ಬಗ್ಗೆ ಆ ಸಂಜೆ ಮತ್ತೆ ಯಾರೂ ಮಾತೆತ್ತಲಿಲ್ಲ; ನಾನೂ.